‘ಅ’ ಅಂದ್ರ ಅಡಲ್ಟು

ನಮ್ಮ ಕಾಕಾನಷ್ಟು ಅಶ್ಲೀಲ ದೃಶ್ಯಗಳನ್ನು ನೋಡಿದ ಮನುಷ್ಯ ಇಡೀ ನಾಶಿಕ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಗಾಬರಿಯಾಗಬೇಡಿ! ಅವರು ದಿನಕ್ಕೆರಡು ಸಲ ಸಂಧ್ಯಾವಂದನೆ ಮಾಡುವವರು, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯ ವಾಸನೆ ಬಂದರೂ ಕಿಟಕಿ ಮುಚ್ಚುವವರು, ಹೆಂಡತಿಯನ್ನು ನಾಲ್ಕು ಮಂದಿಯ ಎದುರು ಹೆಸರು ಹಿಡಿದು ಕೂಡ ಕರೆಯದವರು. ಆದರೂ ನಾನು ಹೇಳಿದ್ದು ಖರೆ. ಮನೆಯ ಮಂದಿ ಯಾರೂ ಅಂಥದ್ದನ್ನು ನೋಡಬಾರದು ಎಂಬ ಒಂದೇ ಕಾರಣಕ್ಕೆ ಅವರು ಎಲ್ಲವನ್ನೂ ಮೊದಲು ತಾವೇ ನೋಡುತ್ತಿದ್ದರು. ಅನುಮಾನ ಬಂದರೆ ಎರಡು ಸಲ!

ಕಾಕಾ ಅಂದರೆ ನನ್ನಪ್ಪನ ತಮ್ಮ. ಅಣ್ಣತಮ್ಮ ಇಬ್ಬರೂ ಧಾರವಾಡದ ಕಡೆಯಿಂದ ಬಂದು ಓಝರಿನ ವಿಮಾನ ಕಾರ್ಖಾನೆ ಸೇರಿದವರು. ಅಪ್ಪ ಫಿಟ್ಟರ್, ಕಾಕಾ ಇನ್ಸ್‌ಪೆಕ್ಟರ್. ಲಾಠಿ ಹಿಡಿಯುವ ಇನ್ಸ್‌ಪೆಕ್ಟರ್ ಅಲ್ಲ, ಭೂತಗನ್ನಡಿ ಹಿಡಿಯುವ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ ಬಿಡಿಭಾಗಗಳನ್ನು ತಿರುವಿ ಮುರುವಿ ನೋಡಿ, ಸರಿಯಿದ್ದರೆ ‘ಪಾಸ್’, ತಿದ್ದುವಂತಿದ್ದರೆ ‘ರಿವರ್ಕ್’, ಉಳಿದದ್ದಕ್ಕೆ ‘ರಿಜೆಕ್ಟ್’ ಎಂದು ಚೀಟಿ ಕಟ್ಟುವುದು ಅವರ ಕೆಲಸ. ಮೂವತ್ತಾರು ವರ್ಷ ಇದನ್ನೇ ಮಾಡಿದವರಿಗೆ ಮನೆಗೆ ಬಂದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಸಂತೆಯ ಬದನೆಕಾಯಿ, ನಮ್ಮ ಪರೀಕ್ಷೆಯ ಅಂಕಪಟ್ಟಿ, ನನ್ನನ್ನು ನೋಡಲು ಬಂದ ವರ, ಎಲ್ಲವೂ ಆ ಕಣ್ಣಿನ ಕೆಳಗೆ ಹಾದು ಹೋಗಲೇಬೇಕಿತ್ತು. ಆ ವರನಿಗೆ ‘ರಿವರ್ಕ್’ ಚೀಟಿ ಸಿಕ್ಕಿತ್ತು. ಇಪ್ಪತ್ತು ವರ್ಷದಿಂದ ಆ ರಿವರ್ಕನ್ನು ನಾನು ಮಾಡುತ್ತಿದ್ದೇನೆ.

ಇನ್ನು ಕಾಕು. ಕಾಕು ಅಂದರೆ ಕಾಕಾನ ಹೆಂಡತಿ. ಕಾಕಾನಿಗೆ ಬಹುವಚನ, ಕಾಕುಗೆ ಮಾತ್ರ ಏಕವಚನ ಯಾಕೆ ಎಂದು ನನ್ನ ಮಗಳು ಜಗಳ ತೆಗೆಯುತ್ತಾಳೆ. ಹೆದರಿಸಿದವರಿಗೆ ಬಹುವಚನ, ತೊಡೆಯ ಮೇಲೆ ಮಲಗಿಸಿಕೊಂಡವರಿಗೆ ಏಕವಚನ, ನಾನೇನು ಮಾಡಲಿ? ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ನಾನು ಮತ್ತು ನನ್ನ ಇಬ್ಬರು ತಮ್ಮಂದಿರು ಅರ್ಧ ದಿನ ಅಲ್ಲೇ ಇರುತ್ತಿದ್ದೆವು. ಹೀಗಾಗಿ ತಪಾಸಣೆಗೆ ಬೇಕಾದಷ್ಟು ಸರಕು ಕಾಕಾನಿಗೆ ಸಿಕ್ಕಿತು.

ಇದೆಲ್ಲ ಶುರುವಾದದ್ದು ಒಂದು ಅಕ್ಷರದಿಂದ. ಮದುವೆಯಾಗಿ ಓಝರಿಗೆ ಬಂದ ಹೊಸತರಲ್ಲಿ ಕಾಕಾ ಹೆಂಡತಿಯನ್ನು ನಾಶಿಕಕ್ಕೆ ಕರೆದುಕೊಂಡು ಹೋಗಿ ಒಂದು ಸಿನಿಮಾ ತೋರಿಸಬೇಕೆಂದು ಹೊರಟರು. ಯಾವ ಸಿನಿಮಾ? ಯಾರೋ ಸಂತರ ಜೀವನಚರಿತ್ರೆ. ಕಾಕು ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ದೀಪ ಆರಿತು. ಸಿನಿಮಾಕ್ಕಿಂತ ಮೊದಲು ತೋರಿಸುವ ಸರ್ಟಿಫಿಕೇಟು ಪರದೆಯ ಮೇಲೆ ಬಂತು. ಅದರಲ್ಲಿ ನಾಗರಿ ಲಿಪಿಯ ದೊಡ್ಡದೊಂದು ‘ಅ’. ಪಕ್ಕದಲ್ಲಿ ಇಂಗ್ಲಿಷಿನದೂ ಇದ್ದಿರಬೇಕು, ಆದರೆ ಮುಂದಿನ ಸಾಲಿನ ಮುದುಕರೊಬ್ಬರ ಬಿಳಿ ಟೊಪ್ಪಿಗೆ ಅಡ್ಡ ಬಂದಿತ್ತು. ಕಾಕಾ ಸಟ್ಟನೆ ಎದ್ದು ನಿಂತರು.

“ಏಳು, ಏಳು! ‘ಅ’ ಅಂದ್ರ ಅಡಲ್ಟು!”

“ಸಂತರದು ಅದರೀ...” ಅಂದಳಂತೆ ಕಾಕು.

“ಸಂತ ಆಗೋಕಿಂತ ಮೊದಲ ಏನೇನ್ ಮಾಡಿದ್ನೋ ಯಾರಿಗ್ಗೊತ್ತು! ಏಳು!”

ಹೀಗೆ ಕಾಕು ತನ್ನ ಬಾಳಿನ ಮೊದಲ ಸಿನಿಮಾದಲ್ಲಿ ನೋಡಿದ್ದು ಬರೇ ಸರ್ಟಿಫಿಕೇಟು. ಹೆಂಡತಿಯ ಮುಖ ಸಣ್ಣದಾದದ್ದನ್ನು ಕಂಡು ಕಾಕಾ ಮುಂದಿನ ವಾರ ಮತ್ತೊಂದು ಸಿನಿಮಾಕ್ಕೆ ಕರೆದೊಯ್ದರು. ಈ ಸಲ ಮೊದಲ ಸಾಲಿನಲ್ಲೇ ಕೂತರು, ಯಾರ ಟೊಪ್ಪಿಗೆಯೂ ಅಡ್ಡ ಬರಬಾರದೆಂದು. ತೀರ ಹತ್ತಿರವಾದ್ದರಿಂದ ಕತ್ತು ಎತ್ತಿ ನೋಡಿದಾಗ ಕಂಡದ್ದು ಮತ್ತೆ ನಾಗರಿ ಅಕ್ಷರವೇ: ‘ವ’. ಕಾಕಾ ನಿರಾಳವಾಗಿ ಕಾಲು ಚಾಚಿದರು. ‘ವ’ ಅಂದರೆ ವಂದನೀಯವೋ ವಿವೇಕವೋ ಇರಬೇಕು ಎಂದುಕೊಂಡರಂತೆ.

‘ವ’ ಅಂದರೆ ವಯಸ್ಕ! ‘ಅ’ ಅಂದರೆ ಅನಿರ್ಬಂಧಿತ, ಅಂದರೆ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ನೋಡಬಹುದಾದದ್ದು. ಹಿಂದಿಯ ಲೆಕ್ಕದಲ್ಲಿ ‘ಅ’ ತುಳಸೀಕಟ್ಟೆಯಷ್ಟು ಪವಿತ್ರ ಎನ್ನುವುದು ಕಾಕಾನಿಗೆ ಗೊತ್ತಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಪರದೆಯ ಮೇಲೆ ಏನು ನಡೆಯಿತೋ, ಇವತ್ತಿಗೂ ಇಬ್ಬರೂ ಬಾಯಿ ಬಿಟ್ಟಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಶೇರ್ ಜೀಪು ಹತ್ತಿ ತ್ರ್ಯಂಬಕೇಶ್ವರಕ್ಕೆ ಹೋಗಿ ಕುಂಡದಲ್ಲಿ ಮುಳುಗಿದರು. ಕಾಕುವನ್ನೂ ಮುಳುಗಿಸಿದರು.

“ನೀವು ನೋಡಿದ್ರಿ, ನೀವು ಮುಳುಗ್ರಿ. ನನ್ನ ಕಣ್ಣ ಮುಚ್ಚಿದ್ರಲ್ಲ ನಿಮ್ಮ ಕೈಯಿಂದ, ನನ್ನನ್ಯಾಕ ಮುಳುಗಸ್ತೀರಿ?” ಎಂದು ಕಾಕು ನಡುಗುತ್ತ ಕೇಳಿದ್ದಳಂತೆ.

ಏಳನೆಯ ಇಯತ್ತೆಯಲ್ಲಿ ನಾನು ಹಿಂದಿ ಕಲಿತು ಅಕ್ಷರಗಳ ಗುಟ್ಟನ್ನು ಬಿಡಿಸಿ ಹೇಳಿದಾಗ ಕಾಕಾ ನನ್ನ ಪುಸ್ತಕ ಇಸಿದುಕೊಂಡು ತಿರುವಿ ಮುರುವಿ ನೋಡಿದರು. ಆಮೇಲೆ, “ಆತು, ನಂದ ತಪ್ಪು ಅಂತ ತಿಳಕೋ. ಆದ್ರ ಇನ್ನೊಬ್ಬರು ಹೊಡದ ಸ್ಟಾಂಪು ನಾ ನಂಬಂಗಿಲ್ಲ. ಕಾರ್ಖಾನಿ ಶಾಪಿನ್ಯಾಗೂ ನಂಬಿಲ್ಲ,” ಅಂದರು. ಅಷ್ಟರಲ್ಲಿ ಅವರ ಸ್ವಂತ ಸೆನ್ಸಾರ್ ಪದ್ಧತಿ ಹತ್ತು ಹನ್ನೆರಡು ವರ್ಷದಿಂದ ಭರ್ಜರಿಯಾಗಿ ನಡೆದಿತ್ತು.

ಪದ್ಧತಿ ಹೀಗೆ. ಶುಕ್ರವಾರ ಸಿನಿಮಾ ಬಂದರೆ ಶನಿವಾರ ಕಾಕಾ ಒಬ್ಬರೇ ಹೋಗಿ ನೋಡುತ್ತಾರೆ. ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಚೀಟಿ, ಪೆನ್ನು. ಮನೆಗೆ ಬಂದು ವರದಿ ಓದುತ್ತಾರೆ: “ನಲವತ್ತೇಳನೇ ಮಿನಿಟಿಗೆ ಮಳಿ. ಮಳಿ ಅಂದ ಮ್ಯಾಲೆ ಹಾಡು. ಹಾಡು ಅಂದ ಮ್ಯಾಲೆ ರಿಜೆಕ್ಟ್. ಉಳಿದದ್ದು ಪಾಸ್.” ಭಾನುವಾರ ನಾವೆಲ್ಲ ಸಾಲಾಗಿ ಹೋಗಿ ಕೂರುತ್ತೇವೆ. ಸರಿಯಾಗಿ ನಲವತ್ತಾರನೇ ನಿಮಿಷಕ್ಕೆ ಕಾಕಾ ಎದ್ದು, “ನಡೀರಿ, ನೀರ ಕುಡದ ಬರೋಣ,” ಅನ್ನುತ್ತಾರೆ. ಅಪ್ಪ, ಅವ್ವ, ಕಾಕು, ನಾವು ಮೂವರು ಮಕ್ಕಳು, ಒಬ್ಬರ ಹಿಂದೊಬ್ಬರು ಕಾಲು ತುಳಿಯುತ್ತ ಹೊರಡುತ್ತೇವೆ. ಹಿಂದಿನಿಂದ ಮರಾಠಿಯಲ್ಲಿ “ಖಾಲೀ ಬಸಾ!”, ಕೆಳಗೆ ಕೂಡಿ, ಎಂದು ಬೊಬ್ಬೆ. ಕೂತುಕೊಳ್ಳುವ ಹಕ್ಕು ನಮಗೆಲ್ಲಿದೆ? ಹೊರಗಿನ ಕ್ಯಾಂಟೀನಿನಲ್ಲಿ ಕಾಕಾ ಎಲ್ಲರಿಗೂ ಬಟಾಟೆ ವಡೆ ಕೊಡಿಸಿ, ಗಡಿಯಾರ ನೋಡಿ, ಮಳೆ ನಿಂತಿತೆಂದು ಖಾತ್ರಿಯಾದ ಮೇಲೆ ಒಳಗೆ ಬಿಡುತ್ತಿದ್ದರು.

ಇದರಿಂದ ನನಗಾದ ನಷ್ಟವನ್ನು ಹೇಳಲೋ ಬೇಡವೋ. ಪ್ರಣಯ ಎಂದರೆ ನನ್ನ ತಲೆಯಲ್ಲಿ ಬಟಾಟೆ ವಡೆ ಎಂದೇ ಕೂತುಬಿಟ್ಟಿತು. ಮದುವೆಯಾದ ಹೊಸದರಲ್ಲಿ ಗಂಡ ಪ್ರೀತಿಯಿಂದ ಹತ್ತಿರ ಬಂದರೆ ನನಗೆ ಹಸಿವಾಗುತ್ತಿತ್ತು! ಅವರು ಅದನ್ನು ನಾಚಿಕೆ ಎಂದು ತಿಳಿದುಕೊಂಡಿದ್ದರು, ನಾನೂ ತಿದ್ದಲು ಹೋಗಲಿಲ್ಲ.

ನನ್ನದು ಬಿಡಿ, ನಿಜವಾದ ನಷ್ಟ ಕಾಕುವಿನದು. ನಡುವಿನ ಮಳೆ ಹೋದರೆ ಹೋಗಲಿ, ಅವಳಿಗೆ ಸಿನಿಮಾದ ಕೊನೆಯೇ ಸಿಗುತ್ತಿರಲಿಲ್ಲ. ಕೊನೆಯಲ್ಲಿ ನಾಯಕ ನಾಯಕಿ ಅಪ್ಪಿಕೊಳ್ಳದೆ ಯಾವ ಸಿನಿಮಾ ಮುಗಿದಿದೆ ಹೇಳಿ? ಆದ್ದರಿಂದ ಎಲ್ಲ ಸಿನಿಮಾಗಳ ಕೊನೆಯೂ ಕಾಯಂ ರಿಜೆಕ್ಟ್. ಸ್ಕೂಟರ್ ಸ್ಟ್ಯಾಂಡಿನಲ್ಲಿ ಗದ್ದಲವಾಗುತ್ತದೆ ಎಂಬ ನೆಪ ಬೇರೆ. ಖಳನಾಯಕ ಚಾಕು ಎತ್ತಿದಲ್ಲಿಗೆ ನಮ್ಮ ಮೆರವಣಿಗೆ ಹೊರಗೆ. ಮನೆಗೆ ಬರುವ ದಾರಿಯಲ್ಲಿ ಕಾಕು, “ಮುಂದೇನಾತು?” ಎಂದು ಕೇಳುವಳು. ಕಾಕಾ, “ಲಗ್ನಾ ಆತು,” ಅನ್ನುವರು. ಎಲ್ಲ ಸಿನಿಮಾಕ್ಕೂ ಅದೇ ಉತ್ತರ.

“ನಾ ನೋಡಿದ ಒಬ್ಬ ವಿಲನ್ನೂ ಇನ್ನೂ ಸತ್ತಿಲ್ಲ ನೋಡು,” ಎಂದು ಕಾಕು ನನ್ನ ಹತ್ತಿರ ಹೇಳುತ್ತಿದ್ದಳು. “ಎಲ್ಲಾರೂ ಎಲ್ಲೋ ಚಾಕು ಹಿಡಕೊಂಡ ನಿಂತಾರ. ಒಂದು, ಒಂದ ಸಿನಿಮಾ ಮೊದಲಿಂದ ಕಡೀತನಕಾ ನೋಡಬೇಕವ್ವಾ ನಾ.”

ಚಿನ್ನ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. ಕೇಳಿದ್ದು ಇಷ್ಟೇ. ಇಷ್ಟನ್ನೂ ಕೊಡದ ಕಾಕಾನ ಮೇಲೆ ನನಗೆ ಎಷ್ಟು ಸಲ ಸಿಟ್ಟು ಬಂದಿದೆಯೋ ದೇವರಿಗೇ ಗೊತ್ತು. ಸಿಟ್ಟು ಹೆಚ್ಚಾಗುತ್ತಿದ್ದುದು ಅವರ ಚೀಟಿಯಲ್ಲಿ ‘ಪಾಸ್’ ಆದದ್ದನ್ನು ನೋಡಿದಾಗ. ಹೊಡೆದಾಟ ಪಾಸ್. ಮನೆಗೆ ಬೆಂಕಿ ಹಚ್ಚುವುದು ಪಾಸ್. ಅತ್ತೆ ಸೊಸೆಯ ಕೂದಲು ಹಿಡಿದು ಎಳೆಯುವುದು ಪಾಸ್, ಅದು ಸಂಸಾರದ ವಿಷಯ! ಒಬ್ಬನೇ ನಾಯಕ ಹದಿನೆಂಟು ಮಂದಿಯನ್ನು ಕೊಚ್ಚಿ ಹಾಕುವಾಗ ನಮ್ಮ ಸಾಲಿನವರೆಲ್ಲ ಶೇಂಗಾ ತಿನ್ನುತ್ತ ಆರಾಮ ಕೂತಿರುತ್ತಿದ್ದೆವು. ಗಂಡ ಹೆಂಡತಿಯ ಹೆಗಲ ಮೇಲೆ ಕೈ ಇಟ್ಟನೋ, ನೀರು ಕುಡಿಯಲು ನಡಿ!

ಇದು ನಮ್ಮ ಕಾಕಾ ಒಬ್ಬರ ರೋಗವಲ್ಲ ಬಿಡಿ. ನಿಮ್ಮ ಮನೆಯಲ್ಲೂ ಟಿವಿಯಲ್ಲಿ ರಕ್ತ ಹರಿದರೆ ಯಾರೂ ಅಲುಗಾಡುವುದಿಲ್ಲ. ಒಂದು ಮುತ್ತು ಬರಲಿ, ಹಿರಿಯರಿಗೆ ಒಮ್ಮೆಗೇ ಕೆಮ್ಮು, ಅವ್ವನಿಗೆ ಒಲೆಯ ಮೇಲಿನ ಹಾಲಿನ ನೆನಪು, ಉಳಿದವರಿಗೆ ರಿಮೋಟು ಎಲ್ಲಿ ಹೋಯಿತೆಂಬ ಚಿಂತೆ. ನಮ್ಮ ಮನೆಯಲ್ಲಿ ಇದನ್ನು ಚೀಟಿ ಬರೆದು ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕಾಕಾನ ಕೀರ್ತಿ ಟೌನ್‌ಶಿಪ್ಪಿನಲ್ಲೆಲ್ಲ ಹಬ್ಬಿತು. ಗಣೇಶೋತ್ಸವದ ಮಂಡಳಿಯವರು ಮೈದಾನದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವ ವರ್ಷ ಅವರನ್ನೇ ತಪಾಸಣೆಗೆ ನೇಮಿಸಿದರು. ಕಾಕಾನ ಮರಾಠಿ ಎಂದರೆ ಕನ್ನಡಕ್ಕೆ ಟೊಪ್ಪಿಗೆ ಹಾಕಿದ ಹಾಗೆ. ಪ್ರೊಜೆಕ್ಟರ್ ನಡೆಸಲು ದಪ್ಪ ಮೀಸೆಯ ಗೃಹಸ್ಥರೊಬ್ಬರು ಬಂದಿದ್ದರು. ನಡುವೆ ಕೆಟ್ಟ ಮಾತು ಬಂದರೆ ಅಷ್ಟರ ಮಟ್ಟಿಗೆ ಧ್ವನಿ ಬಂದ್ ಮಾಡಿ, ಅಂದರೆ ಸಿನಿಮಾವನ್ನು ಮೂಕ ಮಾಡಿ ಎಂದು ಅವರಿಗೆ ಹೇಳಬೇಕಿತ್ತು. ಮೂಕನಿಗೆ ಮರಾಠಿಯಲ್ಲಿ ‘ಮುಕಾ’ ಎನ್ನುತ್ತಾರೆ ಎನ್ನುವಷ್ಟು ಕಾಕಾನಿಗೆ ಗೊತ್ತಿತ್ತು. ಎಲ್ಲರೆದುರು ಗಟ್ಟಿಯಾಗಿ ಹೇಳಿದರು: “ಮೀ ಹಾತ್ ವರ್ ಕೇಲಾ ಕೀ ಮಲಾ ಮುಕಾ ದ್ಯಾ!”

ಮರಾಠಿಯಲ್ಲಿ ‘ಮುಕಾ’ ಎಂದರೆ ಮೂಕನೂ ಹೌದು, ಮುತ್ತೂ ಹೌದು. ‘ನಾನು ಕೈ ಎತ್ತಿದ ಕೂಡಲೇ ನನಗೊಂದು ಮುತ್ತು ಕೊಡಿ’ ಎಂದು ಕಾಕಾ ಅಪ್ಪಣೆ ಮಾಡಿದ್ದರು! ಮೀಸೆಯವರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. “ಸಾಹೇಬ, ಮಾಝಂ ಲಗ್ನ ಝಾಲಂಯ!” ಅಂದರು. ಪಾಪ, ತನ್ನ ಮದುವೆಯಾಗಿದೆ ಎಂದು ಅರಿಕೆ ಮಾಡಿಕೊಂಡರು. ಆ ಸಂಜೆ ಸಿನಿಮಾದಲ್ಲಿ ಏನೇನೋ ಬಂದು ಹೋಯಿತು, ಕಾಕಾ ಮಾತ್ರ ಕೈಯನ್ನು ಬಗಲಿನಲ್ಲಿಟ್ಟುಕೊಂಡು ಕೂತಿದ್ದರು.

ಕಾಲ ಬದಲಾಯಿತು. ಕಾಕಾ ನಿವೃತ್ತರಾಗಿ ಓಝರಿನಲ್ಲೇ ಮನೆ ಮಾಡಿದರು. ನಾನು ಮದುವೆಯಾಗಿ ಸಂಭಾಜಿನಗರಕ್ಕೆ ಬಂದೆ. ನನ್ನ ಗಂಡ ಈಗ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿದ್ದಾರೆ. ಸಿನಿಮಾ ಮನೆಯ ಟಿವಿಗೇ ಬಂತು. ಒಂದೊಂದರ ಮೂಲೆಯಲ್ಲೂ ಏಳರ ಮೇಲೆ, ಹದಿಮೂರರ ಮೇಲೆ, ಹದಿನಾರರ ಮೇಲೆ ಎಂದು ವಯಸ್ಸಿನ ಗುರುತು. ಕಾಕಾನಿಗೆ ಇದು ಬಹಳ ಹಿಡಿಸಿತು. ಹೋದ ವರ್ಷ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಾಗ ಮಗಳು ಏನನ್ನೋ ಹಚ್ಚಿ ಕೂತಿದ್ದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಕಿಚಡಿ. ಕಾಕಾ ಅವಳಿಗೆ ಅಜ್ಜ ಅಲ್ಲ, ‘ಆಜೋಬಾ’.

“ಆಜೋಬಾ, ಹೇ ಸಿಕ್ಸ್‌ಟೀನ್ ಪ್ಲಸ್ ಆಹೇ. ಮೈ ಸೆವೆಂಟೀನ್ ಇದ್ದೀನಿ!” ಅಂದಳು.

“ನೀ ಹದಿನೇಳ ಇದ್ದಿ, ಖರೆ. ನಿಮ್ಮವ್ವಂದೇನು? ಆಕಿಗೆ ವಯಸ್ಸು ನಲವತ್ತಾರು, ಬುದ್ಧಿ ಇನ್ನೂ ಹದಿಮೂರರಾಗ ಅದ. ಆಕಿ ಎದ್ದ ಒಳಗ ಹೋಗ್ಲಿ, ನೀ ನೋಡು,” ಅಂದರು ಕಾಕಾ.

ಹಾಗೆಂದು ಅವಳಿಗಾದರೂ ನೋಡಲು ಬಿಟ್ಟರೇ? ಅವಳಿಂದಲೇ ಕಲಿತು ಟಿವಿಗೆ ನಾಲ್ಕಂಕಿಯ ಬೀಗ ಹಾಕಿದರು, ಏಳು ವರ್ಷದ ಮೇಲಿನದೇನೂ ತೆರೆಯದ ಹಾಗೆ. ಮೂರನೆಯ ದಿನ ಆ ನಾಲ್ಕಂಕಿ ಅವರಿಗೇ ಮರೆತುಹೋಯಿತು. ಬೀಗ ಬಿಡಿಸಲು ಬರುವ ಮನುಷ್ಯ ಬರುವವರೆಗೆ ಹದಿನೆಂಟು ದಿನ ನಮ್ಮ ಇಡೀ ಮನೆ ಮಾತಾಡುವ ಕರಡಿ, ಹಾಡುವ ಬಸ್ಸುಗಳನ್ನೇ ನೋಡಿತು. ಕೊನೆಕೊನೆಗೆ ಊಟಕ್ಕೆ ಕರೆದರೆ ಕಾಕಾ, “ತಡಿ, ಕರಡಿ ಮನಿಗೆ ಮುಟ್ಟಲಿ,” ಅನ್ನುತ್ತಿದ್ದರು. ಕರಡಿ ಮನೆ ಮುಟ್ಟುವುದನ್ನು ಕಾಕು ನೋಡಲಿಲ್ಲ. ಅವಳು ಟಿವಿಗೆ ತೀರ ಹತ್ತಿರ, ಒಂದು ಪಕ್ಕಕ್ಕೆ ತಿರುಗಿ ಕೂತಿರುತ್ತಿದ್ದಳು. ಕುತ್ತಿಗೆ ನೋಯುತ್ತಿರಬೇಕು ಎಂದುಕೊಂಡಿದ್ದೆವು.

ಕುತ್ತಿಗೆಯಲ್ಲ, ಕಣ್ಣು. ಅಕ್ಕಿ ಆರಿಸಿದರೆ ಕಲ್ಲುಗಳು ಅಲ್ಲೇ ಉಳಿಯುತ್ತಿದ್ದವು. ಸಂಭಾಜಿನಗರದ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ಕಣ್ಣಿನ ಹಿಂದಿನ ಪದರದ ನಡುಭಾಗ ಸವೆಯುತ್ತಿದೆ, ಎಡಗಣ್ಣು ಬಹುತೇಕ ಹೋಗಿದೆ, ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ತಡೆಯಲು ನೋಡೋಣ, ಹೋದದ್ದು ಮಾತ್ರ ಮರಳುವುದಿಲ್ಲ ಎಂದರು. ಅಂಚಿನಲ್ಲಿದ್ದದ್ದು ಕಾಣುತ್ತದಂತೆ, ನಡುವಿನದು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ರಿಕ್ಷಾದಲ್ಲಿ ಮರಳಿ ಬರುವಾಗ ಕಾಕು ಅಳಲಿಲ್ಲ. ಕ್ರಾಂತಿ ಚೌಕ ದಾಟಿದ ಮೇಲೆ, “ಇರೋದರಾಗ ಒಂದ ಸಿನಿಮಾ ಪೂರ್ತಿ ತೋರಸ್ರಿ. ಮೊದಲಿಂದ ಕಡೀತನಕಾ,” ಅಂದಳು. ಕಾಕಾ ಹೊರಗೆ ನೋಡುತ್ತ, “ಹೂಂ,” ಅಂದರು.

ಆ ವಾರವೇ ಕರೆದೊಯ್ಯುತ್ತಾರೆ ಎಂದುಕೊಂಡಿದ್ದೆ. ಇಲ್ಲ! ಓಝರಿಗೆ ಹೋದವರೇ ಮತ್ತೆ ಚೀಟಿ, ಪೆನ್ನು ಹಿಡಿದರು. ಶನಿವಾರಕ್ಕೊಮ್ಮೆ ಬಸ್ಸು ಹತ್ತಿ ನಾಶಿಕಕ್ಕೆ ಹೋಗಿ ಒಬ್ಬರೇ ಸಿನಿಮಾ ನೋಡುವುದು, ಬಂದು ಫೋನಿನಲ್ಲಿ ನನಗೆ “ರಿಜೆಕ್ಟ್” ಎನ್ನುವುದು. ಒಂದು ತಿಂಗಳಾಯಿತು, ಎರಡಾಯಿತು. ಮೂರನೆಯ ಇಂಜೆಕ್ಷನ್ನಿಗೆ ಬಂದಾಗ ಡಾಕ್ಟರು ಬಲಗಣ್ಣೂ ಕೆಳಗಿಳಿದಿದೆ ಎಂದರು. ಸಿನಿಮಾ ನೋಡಿದರೆ ಕಣ್ಣಿಗೆ ತ್ರಾಸಾಗುತ್ತದೆಯೇ ಎಂದು ಕಾಕಾ ಕೇಳಿದರು. “ಏನೂ ತ್ರಾಸಿಲ್ಲ, ನೋಡಲಿ. ಕಾಣಿಸಿದಷ್ಟು,” ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ನನ್ನ ತಾಳ್ಮೆ ಹರಿಯಿತು. ಕಾಕುವನ್ನು ಒಳಗೆ ಮಲಗಿಸಿ ಬಂದು ಬಾಗಿಲು ಮುಂದೆ ಮಾಡಿದೆ. ಹುಟ್ಟಿದಾಗಿನಿಂದ ನಾನು ಹೆದರುತ್ತ ಬಂದ ಮನುಷ್ಯನ ಎದುರು ನಿಂತು ಜಗಳ ಮಾಡಿದೆ.

“ಕಾಕಾ, ನಿಮ್ಮ ಪಾಸ್ ಸಿನಿಮಾ ಸಿಗೋದರಾಗ ಆಕಿ ಕಣ್ಣು ಪೂರ್ತಿ ಹೋಗ್ತಾವ. ಇಷ್ಟ ವರ್ಷ ಆತು, ಇನ್ನೂ ಒಂದು ಅಪ್ಪಿಕೊಳ್ಳೋದು ನೋಡಿದ್ರ ಆಕಿ ಕೆಡ್ತಾಳೇನು?”

ಕಾಕಾ ಸಿಟ್ಟಾಗಲಿಲ್ಲ. ಜೇಬಿನಿಂದ ಚೀಟಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹನ್ನೊಂದು ಚೀಟಿ. ಎಲ್ಲದರಲ್ಲೂ ಅವರ ಗುಂಡು ಅಕ್ಷರ. ನಾನು ಮಳೆ, ಹಾಡು, ನಿಮಿಷಗಳನ್ನು ಹುಡುಕಿದೆ. ಅದೇನೂ ಇರಲಿಲ್ಲ. ‘ಕತಿ ಟೊಳ್ಳು. ರಿಜೆಕ್ಟ್.’ ‘ಅವ ಆಕಿನ್ನ ಬಿಟ್ಟು ಹೋಗೋದಕ್ಕ ಕಾರಣನ ಇಲ್ಲ. ರಿಜೆಕ್ಟ್.’ ‘ಕಡೀಕ ಸುಳ್ಳ ಹೇಳ್ಯಾರ. ರಿಜೆಕ್ಟ್.’

“ಒಂದ ಸಿನಿಮಾ ನೋಡ್ತಾಳಂದ್ರ ಅದು ಚಲೋ ಇರಬ್ಯಾಡೇನು?” ಅಂದರು. “ಕೆಟ್ಟದ್ದು ತೋರಿಸಿದ್ರ, ಆಕಿ ಅದನ್ನ ನೆನಪಿಟ್ಟಕೊಂಡ ಇರಬೇಕಾಗ್ತದ.”

ನಾನು ಉಳಿದ ಚೀಟಿಗಳನ್ನೂ ಒಂದೊಂದಾಗಿ ತಿರುವಿದೆ. ಕೊನೆಯ ಚೀಟಿಯಲ್ಲಿ ಒಂದೇ ಶಬ್ದವಿತ್ತು: ‘ಪಾಸ್.’ ಆ ಸಿನಿಮಾದ ಹೆಸರು ಹೇಳಿ, ಸಂಭಾಜಿನಗರದಲ್ಲೂ ಅದು ನಡೆದಿದೆಯೇ ನೋಡು ಎಂದರು. ಮೊಬೈಲಿನಲ್ಲಿ ಹುಡುಕಿದೆ. ಹನ್ನೆರಡೂವರೆಯ ಆಟಕ್ಕೆ ಮಾತ್ರ ಇತ್ತು. ಪಕ್ಕದಲ್ಲಿ ವಯಸ್ಸಿನ ಗುರುತು ನೋಡಿ ನನ್ನ ಕೈ ನಿಂತಿತು.

“ಕಾಕಾ, ಇದು ‘ಎ’ ಅದ. ದೊಡ್ಡವರದು. ಖರೇನ ಅಡಲ್ಟು!”

“ಗೊತ್ತದ.”

“ಎಪ್ಪತ್ತೊಂದನೇ ಮಿನಿಟಿಗೋ ಎಂಬತ್ತನೇದಕ್ಕೋ ಏನಾರೆ ಇದ್ದ ಇರ್ತದ.”

“ಎಪ್ಪತ್ತನಾಕಕ್ಕ,” ಅಂದರು ಕಾಕಾ.

ಮರುದಿನ ಹೋದೆವು. ಮಗಳಿಗೆ ಹದಿನೆಂಟು ತುಂಬಲು ನಾಲ್ಕು ತಿಂಗಳು ಬಾಕಿ, ಆದ್ದರಿಂದ ಅವಳು ಮೂಗು ತಿರುವುತ್ತ ಮನೆಯಲ್ಲುಳಿದಳು. ಮಲ್ಟಿಪ್ಲೆಕ್ಸಿನ ಬಾಗಿಲಲ್ಲಿ ಕಾಕಾ ಮೂವರದೂ ಆಧಾರ್ ಕಾರ್ಡು ತೆಗೆದು ಹಿಡಿದರು. ಟಿಕೆಟ್ ನೋಡುವ ಹುಡುಗಿ ಕಾಕುವಿನ ಬೆಳ್ಳಗಿನ ತಲೆ ನೋಡಿ, “ಆಜೋಬಾ, ಆಜೀಂಚಂ ನಕೋ,” ಅಜ್ಜಿಯದು ಬೇಡ ಎಂದು ನಕ್ಕಳು. “ನಕೋ ಯಾಕ? ತಪಾಸಣಿ ಅಂದ್ರ ಎಲ್ಲಾರದೂ ಮಾಡಬೇಕು,” ಎಂದು ಕಾಕಾ ಅರವತ್ತಾರರ ಹೆಂಡತಿ ವಯಸ್ಕಳೆಂಬುದನ್ನು ದಾಖಲೆ ಸಮೇತ ತೋರಿಸಿಯೇ ಒಳಗೆ ಬಂದರು.

ಒಳಗೆ ಹತ್ತು ಹದಿನೈದು ಜನರಿದ್ದರು. ಕಾಕು ನಡುವೆ, ಅವಳ ಎಡಕ್ಕೆ ಕಾಕಾ, ಬಲಕ್ಕೆ ನಾನು. ಮರಾಠಿ ಸಿನಿಮಾ. ಎಳೆಯ ವಯಸ್ಸಿನಲ್ಲಿ ಬೇರೆಯಾದ ಗಂಡ ಹೆಂಡತಿ ಮುಪ್ಪಿನಲ್ಲಿ ಮತ್ತೆ ಒಂದೇ ಮನೆಯಲ್ಲಿ ಇರಬೇಕಾಗಿ ಬರುವ ಕತೆ. ಮಾತು ಬಹಳ ಕಡಿಮೆ. ಕಾಕು ಸ್ವಲ್ಪ ಹೊತ್ತು ತಲೆಯನ್ನು ಅತ್ತ ಇತ್ತ ವಾಲಿಸಿ ನೋಡಿದಳು. ಆಮೇಲೆ ಸುಮ್ಮನೆ ಒರಗಿದಳು. “ಗೋಡಿ ಕಾಣಸ್ತದ, ಮಂದಿ ಕಾಣಸೂದಿಲ್ಲ,” ಅಂದಳು.

ತಡವಾಗಿಬಿಟ್ಟಿತ್ತು. ಕಾಕಾ ಕುರ್ಚಿಯಲ್ಲಿ ಮುಂದೆ ಸರಿದರು, ಅವಳ ಕಿವಿಯ ಹತ್ತಿರ ಬಗ್ಗಿದರು.

“ಬಾಗಲದಾಗ ಆಕಿ ನಿಂತಾಳ. ನೀಲಿ ಸೀರಿ, ಸೆರಗಿಗೆ ಹಿಟ್ಟ ಹತ್ತೇದ. ಅವ ಒಳಗ ಬರ್ಲೋ ಬ್ಯಾಡೋ ಅಂತ ಚಪ್ಪಲಿ ಕಳೀಲಾರದ ನಿಂತಾನ. ಎಡಗಾಲಿನ ಚಪ್ಪಲಿ ಉಂಗುಷ್ಟ ಹರದದ.”

ಹೀಗೆ ಶುರುವಾಯಿತು. ಒಂದು ತಿರುಪನ್ನೂ ಬಿಡದೆ ನೋಡಿದ ಕಣ್ಣು ಅದು. ಯಾರ ಕೈ ಎಲ್ಲಿದೆ, ಯಾವ ಲೋಟದಲ್ಲಿ ಚಹಾ ಉಳಿದಿದೆ, ಯಾರು ಯಾರನ್ನು ನೋಡಿಯೂ ನೋಡದ ಹಾಗೆ ಮಾಡಿದರು, ಎಲ್ಲವನ್ನೂ ಹೇಳಿದರು. ಮುಂದಿನ ಸಾಲಿನ ತರುಣನೊಬ್ಬ ಎರಡು ಸಲ ತಿರುಗಿ “ಕಾಕಾ, ಹಳೂ,” ಎಂದು ದನಿ ತಗ್ಗಿಸಲು ಹೇಳಿದ. ಮೂರನೆಯ ಸಲ ತಿರುಗಿದವನು ಕಾಕುವಿನ ಮುಖ ನೋಡಿದ, ಮತ್ತೆ ತಿರುಗಲಿಲ್ಲ.

ಎಪ್ಪತ್ತನಾಲ್ಕನೇ ನಿಮಿಷ ಬಂತು. ಪರದೆಯ ಮೇಲೆ ಆ ಮುದುಕ ಆ ಮುದುಕಿಯ ಹತ್ತಿರ ಹೋದ. ಕಾಕಾನ ಮಾತು ನಿಂತಿತು. ಈಗ ಏಳುತ್ತಾರೆ, ನೀರು ಕುಡಿಯೋಣ ನಡೀರಿ ಅನ್ನುತ್ತಾರೆ ಎಂದು ನಾನು ಕಾಲು ಮಡಿಚಿ ದಾರಿ ಬಿಟ್ಟೆ. ಇಷ್ಟು ವರ್ಷದ ರೂಢಿ ನೋಡಿ!

“ಯಾಕ ಸುಮ್ಮನಾದ್ರಿ? ಏನ್ ಮಾಡ್ಲಿಕತ್ತಾರ?” ಅಂದಳು ಕಾಕು.

ಕಾಕಾ ಹಿಂದೆ ನೋಡಿದರು, ಪಕ್ಕಕ್ಕೆ ನೋಡಿದರು.

“ಅವ ಆಕಿ ಗಲ್ಲಾ ಹಿಡದಾನ.”

“ಆಮ್ಯಾಲೆ?”

“ಮುದ್ದು ಕೊಟ್ಟ.”

“ಎಲ್ಲೆ?”

“ಅಡಗಿಮನ್ಯಾಗ.”

“ಅದಲ್ಲರೀ! ಎಲ್ಲೆ?”

ನಾನು ಪರದೆಯನ್ನು ಬಿಟ್ಟು ಅವರನ್ನೇ ನೋಡುತ್ತಿದ್ದೆ.

“ತುಟಿಗೆ,” ಅಂದರು.

“ಅಯ್ಯ! ಈ ವಯಸ್ಸಿನಾಗ?”

“ಹೂಂ. ಈ ವಯಸ್ಸಿನಾಗ.”

“ಚಲೋ ಕಾಣಸ್ತದೇನು?”

ಮೂವತ್ತಾರು ವರ್ಷ ಸುಳ್ಳು ಚೀಟಿ ಬರೆಯದ ಮನುಷ್ಯ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಪರದೆಯನ್ನು ದಿಟ್ಟಿಸಿ ನೋಡಿದರು. “ಚಲೋ ಕಾಣಸ್ತದ,” ಅಂದರು. ಆಮೇಲೆ ನಡೆದದ್ದನ್ನೂ ಹೇಳಿದರು, ನಾಚುತ್ತ, ತಡವರಿಸುತ್ತ, ಏನೂ ಬಿಡದೆ. ಕಾಕು ತುಟಿಗೆ ಸೆರಗು ಹಿಡಿದು ಹದಿನಾರರ ಹುಡುಗಿಯ ಹಾಗೆ ನಗುತ್ತಿದ್ದಳು. ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ.

ಸಿನಿಮಾ ಮುಗಿಯಿತು. ಆ ಹೆಂಗಸು ಕೊನೆಗೂ ಆ ಮನೆಯಲ್ಲಿ ಉಳಿಯಲಿಲ್ಲ, ಬಸ್ಸು ಹತ್ತಿ ಹೋದಳು. ಅದನ್ನೂ ಕಾಕಾ ಇದ್ದ ಹಾಗೆಯೇ ಹೇಳಿದರು. ದೀಪ ಹತ್ತಿತು, ಜನ ಎದ್ದು ಹೋದರು. ನಾನು ಚೀಲ ಎತ್ತಿಕೊಂಡೆ. ಕಾಕಾ ಏಳಲಿಲ್ಲ.

“ಮುಗೀತಲ್ಲರೀ?” ಅಂದಳು ಕಾಕು.

“ಇನ್ನೂ ಹೆಸರ ಬರ್ಲಿಕತ್ತಾವ. ಪೂರ್ತಿ ಅಂದ್ರ ಪೂರ್ತಿ,” ಅಂದರು ಕಾಕಾ.

ಕೆಳಗಿನಿಂದ ಮೇಲೇರುವ ಆ ಸಣ್ಣ ಅಕ್ಷರಗಳನ್ನು ಕನ್ನಡಕ ಸರಿಸಿ ಸರಿಸಿ ಓದತೊಡಗಿದರು. ದೀಪ ಹಿಡಿದವರು, ಸೀರೆ ಇಸ್ತ್ರಿ ಮಾಡಿದವರು, ಗಾಡಿ ಓಡಿಸಿದವರು, ಚಹಾ ಕೊಟ್ಟವರು. ಯಾರನ್ನೂ ಬಿಡಲಿಲ್ಲ. ಕಾಕು ಒಂದೊಂದು ಹೆಸರಿಗೂ “ಹೂಂ, ಹೂಂ” ಅನ್ನುತ್ತಿದ್ದಳು. ಕಸಬರಿಗೆ ಹಿಡಿದು ಬಂದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ನಿಂತು ಕಾಯ್ದಳು.

ಕೊನೆಯ ಹೆಸರೂ ಹೋಯಿತು.

“ಈಗೇನದ?”

“ಈಗೇನಿಲ್ಲ. ಬರೇ ಕಪ್ಪು.”

“ಹಾಂ, ಅದು ನನಗೂ ಕಾಣಸ್ತದ ಬಿಡ್ರಿ,” ಎಂದು ಕಾಕು ಅವರ ತೋಳು ಹಿಡಿದು ಎದ್ದಳು.